ಬ್ಲೌ ಸಿಂಡ್ರೋಮ್: ಬಿಳಿ ಕಣ್ಣನ್ನು ನಂಬಬೇಡಿ

ಪ್ರಶ್ನೆ: ನನಗೆ 29 ವರ್ಷ. ಚಿಕ್ಕಂದಿನಿಂದ ಕೀಲು ಬಾವು, ಮೈಮೇಲೆ ದದ್ದು. ಕಳೆದ ವರ್ಷ ಜೀನ್ ಪರೀಕ್ಷೆಯಲ್ಲಿ ಬ್ಲೌ ಸಿಂಡ್ರೋಮ್ ಎಂದು ಬಂತು. ಎಡಗಣ್ಣು ಕೆಂಪಾದಾಗ ಸ್ಟೀರಾಯ್ಡ್ ಡ್ರಾಪ್ಸ್ ಹಾಕುತ್ತೇನೆ, ನಾಲ್ಕು ದಿನಕ್ಕೆ ಕೆಂಪು ಹೋಗುತ್ತದೆ, ನಿಲ್ಲಿಸುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ಹೀಗಾಗುತ್ತದೆ. ಈಗ ಡಾಕ್ಟರು ಮಾತ್ರೆ, ಇಂಜೆಕ್ಷನ್ ಎನ್ನುತ್ತಿದ್ದಾರೆ. ಬರೀ ಡ್ರಾಪ್ಸ್‌ನಲ್ಲೇ ಮುಗಿಸಬಾರದೇ?

ಉತ್ತರ: ಮುಗಿಸಬಾರದು. ಬ್ಲೌ ಎಂದರೆ ಜೀನ್ ದೋಷದಿಂದ ಚರ್ಮ, ಕೀಲು, ಕಣ್ಣಿನಲ್ಲಿ ಉರಿಯೂತ ಏಳುವ ಕಾಯಿಲೆ. ಇದರಲ್ಲಿ ಕಣ್ಣು ಕೆಂಪಾಗದೆ, ನೋಯದೆ, ಒಳಗೊಳಗೇ ಹಾಳಾಗಬಲ್ಲದು. ನಿಮ್ಮ ಬಲಗಣ್ಣಿನ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಬ್ಲೌದಲ್ಲಿ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಪೆಟ್ಟು ಬೀಳುತ್ತದೆ. ಕನ್ನಡಿಯಲ್ಲಿ ಕಾಣುವುದು ಬಿಳಿಭಾಗ ಮಾತ್ರ. ಕಣ್ಣೊಳಗೆ ಮುಂಬದಿಯ ದ್ರವದಲ್ಲಿ ತೇಲುವ ಉರಿಯೂತದ ಕಣಗಳು ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣಿನ ಡಾಕ್ಟರ ಬೆಳಕಿನ ಸೂಕ್ಷ್ಮದರ್ಶಕ) ಕಾಣುತ್ತವೆ, ಹಿಂಬದಿಯ ಗಾಯ ಪಾಪೆ ಹಿಗ್ಗಿಸಿ ನೋಡಿದಾಗ, ನಡುದೃಷ್ಟಿಯ ಜಾಗವಾದ ಮ್ಯಾಕ್ಯುಲಾದ ಊತ, ಪದರಪದರವಾಗಿ ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ.

ನಾಲ್ಕು ದಿನದ ಕೋರ್ಸ್ ಯಾರು ಹೇಳಿದ್ದು? ಜೋರಾದ ಉರಿಯೂತಕ್ಕೆ ಗಂಟೆಗೊಂದು ಹನಿಯಿಂದ ಶುರುಮಾಡಿ, ಕಣಗಳು ಹೋದ ಮೇಲೆ ವಾರವಾರ ಇಳಿಸುತ್ತಾ ಬರಬೇಕು. ಥಟ್ಟನೆ ನಿಲ್ಲಿಸಿದರೆ ಉರಿಯೂತ ಮರಳುತ್ತದೆ. ನಿಮ್ಮ ವರ್ಷಕ್ಕೆ ನಾಲ್ಕೈದು ಸಲ ಎಂಬುದು ಹೊಸ ದಾಳಿಯೇ ಅಲ್ಲದಿರಬಹುದು, ಒಂದೇ ದಾಳಿ ಅರ್ಧಕ್ಕೆ ಬಿಟ್ಟು ಮತ್ತೆ ಮತ್ತೆ ಎದ್ದಿರಬಹುದು.

ಹಾಕುವ ರೀತಿಯೂ ಮುಖ್ಯ. ಪ್ರೆಡ್ನಿಸೊಲೋನ್ ಅಸಿಟೇಟ್ 1% ಎಂಬ ಸ್ಟೀರಾಯ್ಡ್ ಡ್ರಾಪ್ಸ್ ಬಾಟಲಿಯಲ್ಲಿ ಮದ್ದು ತಳದಲ್ಲಿ ಕೂತಿರುತ್ತದೆ. ಚೆನ್ನಾಗಿ ಅಲ್ಲಾಡಿಸದಿದ್ದರೆ ಮೊದಲ ದಿನಗಳಲ್ಲಿ ಬರೀ ತಿಳಿನೀರು ಕಣ್ಣಿಗೆ ಹೋಗುತ್ತದೆ, ಗಟ್ಟಿ ಮದ್ದು ಬಾಟಲಿಯ ಕೊನೆಗೆ ಉಳಿಯುತ್ತದೆ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ. ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಇನ್ನೊಂದು ಡ್ರಾಪ್ಸ್ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ.

ಪಾಪೆ ಹಿಗ್ಗಿಸುವ ಹನಿ ಕೊಟ್ಟಿದ್ದರೆ, ಓದಲು ಮಂಜಾಗುತ್ತದೆ ಎಂದು ಬಿಡಬೇಡಿ. ಅದನ್ನು ಕೊಡುವುದು ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ ತನ್ನ ಹಿಂದಿನ ಮಸೂರಕ್ಕೆ ಅಂಟಿಕೊಳ್ಳದಿರಲಿ ಎಂದೇ. ಅಂಟಿದ ಪಾಪೆ ಗುಂಡಗಿರುವುದಿಲ್ಲ, ಅಂಚು ಅಲ್ಲಲ್ಲಿ ಒಳಕ್ಕೆ ಎಳೆದು ಹೂವಿನ ಎಸಳಿನಂತೆ ಕಾಣುತ್ತದೆ. ಸುತ್ತಲೂ ಅಂಟಿತೆಂದರೆ ಒಳಗಿನ ದ್ರವಕ್ಕೆ ದಾರಿಯಿಲ್ಲದೆ ಐರಿಸ್ ಮುಂದಕ್ಕೆ ಉಬ್ಬಿ, ಒತ್ತಡ ಏರಿ, ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣಿಸಿಕೊಳ್ಳಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಡ್ರಾಪ್ಸ್ ಸರಿಯಾಗಿ ಹಾಕಿದರೂ ಎರಡು ಮಿತಿಗಳಿವೆ. ಮೊದಲನೆಯದು, ಹನಿ ಕೆಲಸ ಮಾಡುವುದು ಕಣ್ಣಿನ ಮುಂಭಾಗದಲ್ಲಿ. ಬ್ಲೌದಲ್ಲಿ ಹಿಂಭಾಗದ ರಕ್ತನಾಳಗಳ ಕೋರಾಯ್ಡ್ ಪದರ, ಬೆಳಕು ಹಿಡಿಯುವ ರೆಟಿನಾ, ಕಣ್ಣಿನ ನರಕ್ಕೂ ಉರಿಯೂತ ಬರಬಹುದು, ಅಲ್ಲಿಗೆ ಹನಿ ಸಾಲದು. ಎರಡನೆಯದು, ದಿನಕ್ಕೆ ಎರಡು-ಮೂರು ಹನಿಗಿಂತ ಹೆಚ್ಚು ತಿಂಗಳುಗಟ್ಟಲೆ ಬೇಕಾದರೆ ಸ್ಟೀರಾಯ್ಡೇ ಪೊರೆಯನ್ನೂ, ಕಣ್ಣಿನ ಒಳಒತ್ತಡ ಏರಿ ನರ ಹಾಳಾಗುವ ಗ್ಲಾಕೋಮಾವನ್ನೂ ತರಬಹುದು. ಒತ್ತಡ ಹಲವರಲ್ಲಿ ಶುರುಮಾಡಿದ ಕೆಲವೇ ವಾರಗಳಲ್ಲಿ ಏರುತ್ತದೆ, ಮೆಲ್ಲಗೆ ಏರಿದರೆ ನೋವಾಗುವುದಿಲ್ಲ. ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಡುವ ಆ್ಯಂಟಿಬಯಾಟಿಕ್-ಸ್ಟೀರಾಯ್ಡ್ ಬೆರಕೆ ಡ್ರಾಪ್ಸ್‌ನ ದೊಡ್ಡ ಅಪಾಯ ಇದೇ.

ಹಾಗಾಗಿ ಉರಿಯೂತವನ್ನು ಇಡೀ ಮೈಯಲ್ಲಿ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ, ಸಾಲದಿದ್ದರೆ ಅಡಲಿಮುಮ್ಯಾಬ್ ಇಂಜೆಕ್ಷನ್. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಭಾನುವಾರವೋ ಗುರುವಾರವೋ, ಒಂದು ದಿನ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಫೋಲಿಕ್ ಆ್ಯಸಿಡ್ ಬೇರೆ ದಿನ. ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ ತಪ್ಪಿಸಬೇಡಿ, ಮದ್ಯ ಬಿಡಿ. ಮಗುವಿನ ಯೋಚನೆಯಿದ್ದರೆ ಡಾಕ್ಟರಿಗೆ ತಿಂಗಳುಗಳ ಮುಂಚೆಯೇ ಹೇಳಿ, ಗರ್ಭಕ್ಕೆ ಈ ಮಾತ್ರೆ ಅಪಾಯ.

ಅಡಲಿಮುಮ್ಯಾಬ್ ದೊಡ್ಡವರಿಗೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ಚರ್ಮದಡಿಗೆ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, ಫ್ರೀಜರಿಗೆ ಬೇಡ. ಶುರುವಿಗೆ ಮೊದಲು ಕ್ಷಯದ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಲೇಬೇಕು. ಒಳಗೆ ಮಲಗಿರುವ ಕ್ಷಯವನ್ನು ಈ ಮದ್ದು ಎಬ್ಬಿಸಬಲ್ಲದು. ಜ್ವರ ಬಂದರೆ ಮುಂದಿನ ಡೋಸ್ ಚುಚ್ಚಿಕೊಳ್ಳುವ ಮೊದಲು ರುಮಟಾಲಜಿಸ್ಟರನ್ನು (ಕೀಲುರೋಗ ತಜ್ಞರು) ಕೇಳಿ.

ಪ್ರಶ್ನೆ: ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ (ಉರಿಯೂತದ ಪುಟ್ಟ ಗಂಟು) ಬಂದಿದೆ, ಟಿಬಿ ಮಾತ್ರೆ ಶುರುಮಾಡಿದ್ದಾರೆ. ಸರಿಯೇ?

ಉತ್ತರ: ಗ್ರ್ಯಾನುಲೋಮಾ ಕಂಡ ತಕ್ಷಣ ಟಿಬಿ ಎನ್ನುವುದು ನಮ್ಮಲ್ಲಿ ಹಳೇ ಚಾಳಿ. ಸಾರ್ಕಾಯ್ಡ್‌ನಲ್ಲೂ (ಅಂಗಾಂಗಗಳಲ್ಲಿ ಗಂಟು ಕಟ್ಟುವ ಇನ್ನೊಂದು ಉರಿಯೂತ ಕಾಯಿಲೆ) ಬ್ಲೌದಲ್ಲೂ ಅದೇ ಗಂಟು ಸಿಗುತ್ತದೆ. ನಾಲ್ಕೈದು ವರ್ಷ ವಯಸ್ಸಿನೊಳಗೇ ಶುರುವಾದ ದದ್ದು, ಮೆತ್ತಗೆ ಊದಿದ ಮಣಿಕಟ್ಟು, ನೇರವಾಗದ ಬೆರಳು, ಜೊತೆಗೆ ಕಣ್ಣು ಎಂದರೆ ಎನ್‌ಒಡಿ2 ಜೀನ್ (ಇದರ ದೋಷದಿಂದಲೇ ಬ್ಲೌ ಬರುವುದು) ಪರೀಕ್ಷೆ ಕೇಳಿ. ಕ್ಷಯಕ್ಕೆ ಬೇರೆ ಪುರಾವೆ ಇದೆಯೇ ಎಂದೂ ಕೇಳಿ, ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆ ಮಾತ್ರೆಗಳಲ್ಲಿ ಎಥಾಂಬ್ಯುಟಾಲ್ ಇದ್ದರೆ ಅದು ಕಣ್ಣಿನ ನರಕ್ಕೆ ಹಾನಿ ಮಾಡಬಲ್ಲದು. ಕೆಂಪು-ಹಸಿರು ಮಸುಕಾದರೆ, ದೃಷ್ಟಿ ಮಬ್ಬಾದರೆ ಅಂದೇ ಹೋಗಿ ಹೇಳಿ.

ಪ್ರಶ್ನೆ: ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು ಹಾಕಬಹುದೇ?

ಉತ್ತರ: ಬೇಡ. ಸ್ಟೀರಾಯ್ಡ್ ಬಿದ್ದ ಕಣ್ಣಿಗೆ ಸೋಂಕು ತಗುಲಿದರೆ ಕಪ್ಪುಗುಡ್ಡೆಯಲ್ಲಿ ಹುಣ್ಣಾಗುತ್ತದೆ. ಬೇರಿನಿಂದ ಗುಣ ಮಾಡುತ್ತೇನೆ ಎನ್ನುವವನಿಗೆ ಕಣ್ಣಿನ ಒತ್ತಡ ಅಳೆಯಲು ಬರುತ್ತದೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ಇದು ಮದ್ರಾಸ್ ಐ ತರಹ ಅಂಟುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಪೊರೆ ಬಂದಿದೆ, ಬೇಗ ಆಪರೇಷನ್ ಮಾಡಿಸಲೇ?

ಉತ್ತರ: ಕಣ್ಣು ಕನಿಷ್ಠ ಮೂರು ತಿಂಗಳು ಶಾಂತವಾಗಿದ್ದ ಮೇಲೆ. ಕ್ಯಾಂಪಿನ ಸಾಲಿನಲ್ಲಿ ನಿಲ್ಲಬೇಡಿ.

ಪ್ರಶ್ನೆ: ಮಕ್ಕಳಿಗೆ ಬರುತ್ತದೆಯೇ?

ಉತ್ತರ: ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಹೆಣ್ಣಾಗಲಿ ಗಂಡಾಗಲಿ. ಜೀನ್ ಬಂದಿರುವ ಮಗು ಕಣ್ಣು ನೋಯುತ್ತದೆ ಎಂದು ಹೇಳುವವರೆಗೆ ಕಾಯಬೇಡಿ, ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ.