ಕ್ಯಾರವಾನ್‌ಗೆ ಎಷ್ಟು ಕರೆಂಟ್ ಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಟೆಂಪೊ ಟ್ರಾವೆಲರ್ ಗಾಡಿಯನ್ನು ಕ್ಯಾರವಾನ್ ಮಾಡಿಸುತ್ತಿದ್ದೇವೆ. ಒಂದು ಟನ್ ಎಸಿ, ಫ್ರಿಜ್, ಇಂಡಕ್ಷನ್ ಒಲೆ, ಗೀಸರ್ ಇರುತ್ತವೆ. ಅಮೆರಿಕದ ವಿಡಿಯೊಗಳಲ್ಲಿ 30 ಆಂಪ್, 50 ಆಂಪ್ ಎನ್ನುತ್ತಾರೆ. ನಮಗೆ ಸಿಗುವ 16 ಆಂಪ್ ಸಾಕೆಟ್ ಸಾಕೇ?
- ಕುವೆಂಪುನಗರ, ಮೈಸೂರು

ಉತ್ತರ: ಆಂಪ್ ನೋಡಿ ಗಾಬರಿಯಾಗಬೇಡಿ, ವ್ಯಾಟ್ ಲೆಕ್ಕ ಹಾಕಿ. ಅಮೆರಿಕದ 30 ಆಂಪ್ ಸಂಪರ್ಕ 120 ವೋಲ್ಟಿನದು. ಗುಣಿಸಿದರೆ 3,600 ವ್ಯಾಟ್. ನಮ್ಮದು 230 ವೋಲ್ಟ್, ಹಾಗಾಗಿ 16 ಆಂಪ್ ಸಾಕೆಟ್ಟಿನಲ್ಲೇ 3,680 ವ್ಯಾಟ್ ಸಿಗುತ್ತದೆ. ಅವರ 50 ಆಂಪ್ ಸಂಪರ್ಕದಲ್ಲಿ 120 ವೋಲ್ಟಿನ ಎರಡು ಲೈನ್ ಇರುವುದರಿಂದ 12,000 ವ್ಯಾಟ್ ಆಗುತ್ತದೆ. ಅದು ಎರಡು ಮೂರು ಎಸಿ ಇರುವ ದೊಡ್ಡ ಗಾಡಿಗಳ ಮಾತು.

ನಿಮ್ಮ ಗಾಡಿಯಲ್ಲಿ ಎಸಿಗೆ 1,000ದಿಂದ 1,200 ವ್ಯಾಟ್, ಇಂಡಕ್ಷನ್ ಪೂರ್ತಿ ಉರಿಗೆ 2,000, ನೀರು ತುಂಬಿಡುವ ಗೀಸರ್‌ಗೆ 2,000, ಫ್ರಿಜ್‌ಗೆ ನೂರೈವತ್ತರೊಳಗೆ, 12 ವೋಲ್ಟ್ ಬ್ಯಾಟರಿಯನ್ನು 15 ಆಂಪ್‌ನಲ್ಲಿ ಚಾರ್ಜ್ ಮಾಡಲು ಸುಮಾರು 250. ಎಲ್ಲ ಒಟ್ಟಿಗೆ ಹಾಕಿದರೆ 5,500 ದಾಟುತ್ತದೆ, ಆದರೆ ಒಟ್ಟಿಗೆ ಹಾಕುವ ಅಗತ್ಯವೇ ಬರುವುದಿಲ್ಲ. ಗಂಟೆಗಟ್ಟಲೆ ಓಡುವ ಲೋಡು 13 ಆಂಪ್, ಅಂದರೆ 3,000 ವ್ಯಾಟ್ ಮೀರದಿರಲಿ. ಎಸಿ, ಫ್ರಿಜ್, ಚಾರ್ಜರ್ ಜೊತೆಗೆ ಓಡಲಿ. ಒಲೆ ಅಥವಾ ಗೀಸರ್ ಹಾಕುವಾಗ ಎಸಿ ನಿಲ್ಲಿಸಿ. ಒಲೆ ಮತ್ತು ಗೀಸರ್ ಎಂದಿಗೂ ಒಟ್ಟಿಗೆ ಬೇಡ. 3,000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಒಂದೇ 13 ಆಂಪ್ ನುಂಗುತ್ತದೆ, ಅದನ್ನು ಕೊಳ್ಳಲೇಬೇಡಿ. ಅದರ ಬದಲು ಗಾಡಿಯೊಳಗೆ ಗ್ಯಾಸ್ ಗೀಸರ್ ಕೂರಿಸುವ ಯೋಚನೆಯೂ ಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಪ್ರಶ್ನೆ: ಎಸಿ, ಗೀಸರ್, ಕೆಟಲ್ ಒಟ್ಟಿಗೆ ಹಾಕಿದರೂ ಮೊದಲು ಏನೂ ಆಗುವುದಿಲ್ಲ. ಇಪ್ಪತ್ತು ನಿಮಿಷದ ಮೇಲೆ 16 ಆಂಪ್ ಎಂಸಿಬಿ ಬೀಳುತ್ತದೆ. ಎಂಸಿಬಿ ಕೆಟ್ಟಿದೆಯೇ?
- ಮಂಡ್ಯ

ಉತ್ತರ: ಇಲ್ಲ, ಲೋಡು ಮೀರಿದಾಗ ಕರೆಂಟ್ ಕಡಿಯುವ ಸ್ವಿಚ್ಚೇ ಎಂಸಿಬಿ, ಅದು ತನ್ನ ಕೆಲಸ ಮಾಡುತ್ತಿದೆ. ಎಸಿ 1,200, ಗೀಸರ್ 2,000, ಕೆಟಲ್ 1,500 ಸೇರಿದರೆ 4,700 ವ್ಯಾಟ್, ಅಂದರೆ 20 ಆಂಪ್‌ಗೂ ಸ್ವಲ್ಪ ಹೆಚ್ಚು. 16 ಆಂಪ್ ಎಂಸಿಬಿ ಇಷ್ಟಕ್ಕೆ ಥಟ್ಟನೆ ಬೀಳುವುದಿಲ್ಲ. ಒಳಗಿನ ಲೋಹದ ಪಟ್ಟಿ ಕಾದು ಬಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ಇಪ್ಪತ್ತು ನಿಮಿಷವೂ ವೈರು, ಪ್ಲಗ್ಗು, ಸಾಕೆಟ್ಟು ಕಾಯುತ್ತಲೇ ಇರುತ್ತವೆ. ಪ್ಲಗ್ಗಿನ ಪಿನ್ ಬುಡ ಕಂದಾಗಿದ್ದರೆ ಪ್ಲಗ್, ಸಾಕೆಟ್ ಎರಡನ್ನೂ ಬದಲಿಸಿ. ಬೀಳುತ್ತದೆಂದು 25 ಆಂಪ್ ಎಂಸಿಬಿ ಹಾಕಿಸಿದರೆ ಬೆಂಕಿಗೆ ದಾರಿ ಮಾಡಿದಂತೆ. 16 ಆಂಪ್ ಪ್ಲಗ್ಗನ್ನು 6 ಆಂಪ್ ಸಾಕೆಟ್ಟಿಗೆ ಸೇರಿಸುವ ಕನ್ವರ್ಟರ್ ಕೂಡ ಬೇಡ. ಆ ಸಾಕೆಟ್ಟಿನ ಮಿತಿ 1,380 ವ್ಯಾಟ್ ಮಾತ್ರ.

ಪ್ರಶ್ನೆ: ಪಾಂಡವಪುರದ ಹತ್ತಿರ ನೆಂಟರ ತೋಟದಲ್ಲಿ ನಿಲ್ಲಿಸಿ, ಪಂಪ್‌ಸೆಟ್ ಸ್ಟಾರ್ಟರ್ ಬಾಕ್ಸಿನಿಂದ ಕರೆಂಟ್ ಎಳೆದಿದ್ದೆವು. ಬರಿಗಾಲಲ್ಲಿ ಬಾಗಿಲು ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಯಾಕೆ?
- ಶ್ರೀರಂಗಪಟ್ಟಣ

ಉತ್ತರ: ತಕ್ಷಣ ಆ ಸಂಪರ್ಕ ಬಿಚ್ಚಿಸಿ. ಸ್ಟಾರ್ಟರ್ ಬಾಕ್ಸಿಗೆ ಬರುವುದು ಮೂರು ಫೇಸು, ಎಷ್ಟೋ ಕಡೆ ನ್ಯೂಟ್ರಲ್ (ಕರೆಂಟ್ ಹಿಂತಿರುಗುವ ತಂತಿ) ಇರುವುದೇ ಇಲ್ಲ. ಒಂದು ಫೇಸು ಹಿಡಿದು ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಳ್ಳುವುದು ಹಳ್ಳಿಗಳಲ್ಲಿ ನಡೆಯುತ್ತದೆ. ಆಗ ನಿಮ್ಮ ಲೋಡೆಲ್ಲ ಅರ್ಥ್ ಗುಂಡಿಯ ಮೂಲಕ ಹಿಂತಿರುಗುತ್ತದೆ. ಗುಂಡಿ ಒಣಗಿದ್ದರೆ ಆ ತಂತಿಗೇ ವೋಲ್ಟೇಜ್ ಏರಿ, ಪಂಪಿನ ಮೈ, ಗಾಡಿಯ ಮೈ ಎರಡರಲ್ಲೂ ಕರೆಂಟ್ ನಿಲ್ಲುತ್ತದೆ. ತಪ್ಪಿ ಎರಡು ಫೇಸು ಹಿಡಿದರಂತೂ 400 ವೋಲ್ಟ್ ಬಂದು ಎಲ್ಲ ಸುಡುತ್ತದೆ. ಪಂಪಿಗೆಂದು ಕೊಟ್ಟ ಕರೆಂಟನ್ನು ಬೇರೆಯದಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆಯೂ ಹೌದು. ತೋಟದ ಮನೆಯ ಮೀಟರಿನಿಂದಲೇ ತೆಗೆದುಕೊಳ್ಳಿ.

ಅಲ್ಲೂ ಅರ್ಥ್ ಕಡಿದಿದ್ದರೆ ಜುಮ್ ಎನ್ನುವುದು ನಿಲ್ಲುವುದಿಲ್ಲ. ಚಾರ್ಜರ್, ಇನ್ವರ್ಟರ್‌ಗಳ ಫಿಲ್ಟರಿನಿಂದ ಸಣ್ಣ ಸೋರಿಕೆ ಇದ್ದೇ ಇರುತ್ತದೆ. ಗಾಡಿ ಟೈರ್ ಮೇಲೆ ನಿಂತಿರುವುದರಿಂದ ಅದಕ್ಕೆ ನೆಲಕ್ಕಿಳಿಯಲು ದಾರಿಯಿಲ್ಲ, ನಿಮ್ಮ ಒದ್ದೆ ಕಾಲೇ ದಾರಿಯಾಗುತ್ತದೆ. ಅರ್ಥ್ ಇದೆಯೇ ಎಂದು ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿದರೆ ಸಾಲದು. ಎಳೆಯಷ್ಟು ಸಂಪರ್ಕ ಉಳಿದಿದ್ದರೂ ಅದು 230 ತೋರಿಸಿಬಿಡುತ್ತದೆ. ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥ್‌ಗೂ 100 ವ್ಯಾಟ್ ಬಲ್ಬ್ ಕೊಟ್ಟು ನೋಡಲಿ. ಪೂರ್ತಿ ಬೆಳಗಿದರೆ ಸರಿ, ಮಂಕಾದರೆ ಗುಂಡಿ ಸರಿಯಿಲ್ಲ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಥಟ್ಟನೆ ಕಡಿಯುವ ಸ್ವಿಚ್) ಇದ್ದರೆ ಬಲ್ಬ್ ಕೊಟ್ಟಕೂಡಲೇ ಅದು ಬೀಳುತ್ತದೆ, ಅದು ಆರ್‌ಸಿಸಿಬಿ ಕೆಲಸ ಮಾಡುತ್ತಿದೆ ಎಂಬುದರ ಲಕ್ಷಣ. ಗಾಡಿಯೊಳಗೂ 30 ಮಿಲಿ ಆಂಪ್ ಆರ್‌ಸಿಸಿಬಿ ಕಡ್ಡಾಯವಾಗಿ ಹಾಕಿಸಿ, ಷಾಸಿಯನ್ನು ಅರ್ಥ್ ತಂತಿಗೆ ಬೋಲ್ಟ್ ಹಾಕಿ ಬಿಗಿಸಿ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ.

ಪ್ರಶ್ನೆ: ಮನೆಯಿಂದ ಗಾಡಿಗೆ 30 ಮೀಟರ್ ದೂರ. ಯಾವ ಕೇಬಲ್ ತರಲಿ?
- ನಂಜನಗೂಡು

ಉತ್ತರ: 2.5 ಚದರ ಮಿಲಿಮೀಟರಿನ ಮೂರು ಕೋರ್ ತಾಮ್ರದ ಫ್ಲೆಕ್ಸಿಬಲ್ ಕೇಬಲ್. 14 ಆಂಪ್ ಎಳೆದಾಗ ಇದರಲ್ಲಿ 7 ವೋಲ್ಟ್‌ನಷ್ಟು ಇಳಿಯುತ್ತದೆ. 1 ಚದರ ಮಿಲಿಮೀಟರಿನದಾದರೆ 16 ವೋಲ್ಟ್ ಹೋಗುತ್ತದೆ. ಸಂಜೆ ಲೈನಿನಲ್ಲೇ 195 ವೋಲ್ಟ್ ಇರುವ ಕಡೆ ಇದು ಎಸಿಯ ಕಂಪ್ರೆಸರಿಗೆ ಕಂಟಕ. ಅದು ತಿರುಗಲಾರದೆ ಗುಂಯ್‌ಗುಟ್ಟಿ ಕಾಯುತ್ತದೆ. ಕೇಬಲನ್ನು ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಲ್ಲೇ ಬಿಟ್ಟರೆ ಶಾಖ ಹೊರಹೋಗದೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಜೋಡಣೆಗೆ ನೀಲಿ ಬಣ್ಣದ, ಮುಚ್ಚಳವಿರುವ 16 ಆಂಪ್ ಇಂಡಸ್ಟ್ರಿಯಲ್ ಪ್ಲಗ್ ಒಳ್ಳೆಯದು, ಮಳೆ ಹನಿ ತಡೆಯುತ್ತದೆ. ಮೊದಲು ಗಾಡಿಯ ಮೇನ್ ಆಫ್ ಮಾಡಿ, ಗಾಡಿಯ ತುದಿ ಸಿಕ್ಕಿಸಿ, ಆಮೇಲೆ ಮನೆಯ ತುದಿ ಸಿಕ್ಕಿಸಿ, ಕೊನೆಗೆ ಮೇನ್ ಆನ್ ಮಾಡಿ. ಬಿಚ್ಚುವಾಗ ಮೇನ್ ಆಫ್ ಮಾಡಿ ಮನೆಯ ತುದಿಯನ್ನೇ ಮೊದಲು ಕೀಳಬೇಕು.