ಸ್ಕೂಬಾ ಡೈವಿಂಗ್‌ಗೆ ಸ್ಪ್ಲಿಟ್ ಫಿನ್ ಕೊಳ್ಳಲೋ, ಪ್ಯಾಡಲ್ ಫಿನ್ ಕೊಳ್ಳಲೋ?

ಒಂದೇ ಜೊತೆ ಕೊಳ್ಳುವುದಾದರೆ ಪ್ಯಾಡಲ್ ಫಿನ್ ಕೊಳ್ಳಿ. ಫಿನ್ ಅಂದರೆ ನೀರಿನಲ್ಲಿ ಸಾಗಲು ಕಾಲಿಗೆ ತೊಡುವ ರೆಕ್ಕೆ; ಪ್ಯಾಡಲ್ ಫಿನ್‌ನ ಅಲಗು ಸೀಳಿಲ್ಲದೆ ಒಂದೇ ಹಲಗೆಯಂತಿರುತ್ತದೆ. ಸ್ಪ್ಲಿಟ್ ಫಿನ್‌ನ ಅಲಗು ನಡುವೆ ಸೀಳಿರುತ್ತದೆ, ಮೀನಿನ ಬಾಲದ ಹಾಗೆ. ಕಾಲನ್ನು ಸಣ್ಣಗೆ, ಬೇಗಬೇಗ ಮೇಲೆ ಕೆಳಗೆ ಆಡಿಸಿದರೆ ಸಾಕು, ಮುಂದೆ ಸಾಗುತ್ತೀರಿ. ಮಂಡಿನೋವಿನವರಿಗೆ, ಮೀನಖಂಡ ಹಿಡಿದುಕೊಳ್ಳುವವರಿಗೆ ಇದೇ ಹಿತ. ತೊಂದರೆ ಶುರುವಾಗುವುದು ಕಪ್ಪೆಯಂತೆ ಕಾಲು ಅಗಲಿಸಿ ಒದೆಯುವಾಗ: ಸೀಳಿದ ಅಲಗು ಬಾಗಿಕೊಂಡು ನೀರು ಜಾರಿಹೋಗುತ್ತದೆ. ಹಿಂದಕ್ಕೆ ಸರಿಯುವುದು, ನಿಂತಲ್ಲೇ ತಿರುಗುವುದು ಇನ್ನೂ ಕಷ್ಟ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಹವಳಕ್ಕೆ ತಾಗದೆ ಬಂಡೆಯ ಪಕ್ಕ ನಿಲ್ಲಬೇಕಾದಾಗ ಬೇಕಾಗುವುದು ಈ ಚಲನೆಗಳೇ, ಪ್ಯಾಡಲ್‌ನಲ್ಲಿ ಅವು ಸುಲಭ. ಗಡುಸು ಪ್ಯಾಡಲ್ ಮೊದಲೆರಡು ಡೈವ್‌ನಲ್ಲಿ ತೊಡೆ ನೋಯಿಸುತ್ತದೆ, ನಿಜ. ಆಮೇಲೆ ಕಾಲು ಪಳಗುತ್ತದೆ. ಅಂದಹಾಗೆ, ಹಿಮ್ಮಡಿಗೆ ಪಟ್ಟಿ ಇರುವ ಫಿನ್ ಆದರೆ ಬೂಟಿ (ಫಿನ್ ಒಳಗೆ ತೊಡುವ ಮೆತ್ತನೆಯ ಬೂಟು) ಹಾಕಿಕೊಂಡೇ ಅಳತೆ ನೋಡಿ.