ಮನೆ ನೋಡುವ ಮೊದಲೇ ಬ್ಯಾಂಕ್ ಸ್ಟೇಟ್‌ಮೆಂಟ್ ಯಾಕೆ?

ಬಾಡಿಗೆ ಮನೆ ತೋರಿಸುವ ಮೊದಲೇ ಓನರ್ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಗುರುತಿನ ಚೀಟಿ ಎಲ್ಲ ವಾಟ್ಸಾಪ್ ಮಾಡಿ ಅಂತಿದ್ದಾರೆ, ಕೊಡಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮನೆ ನೋಡೋಕೆ ಹೆಸರು, ಫೋನ್ ನಂಬರ್, ಏನು ಕೆಲಸ, ಎಷ್ಟು ಜನ ಅನ್ನೋದು ಸಾಕು. ಬಾಡಿಗೆ ಕಟ್ಟುತ್ತೀರಾ ಅಂತ ಅವರು ವಿಚಾರಿಸುವುದು ತಪ್ಪಲ್ಲ. ಅದಕ್ಕೆ ಸಂಬಳದ ಚೀಟಿ ಇದೆ, ಖಾತೆ ನಂಬರ್ ಮುಚ್ಚಿ ತೋರಿಸಿ. ಸ್ಟೇಟ್‌ಮೆಂಟ್ ಕೊಟ್ಟರೆ ನೀವು ಯಾವ ಡಾಕ್ಟರ ಹತ್ತಿರ ಹೋಗುತ್ತೀರಿ, ಯಾರಿಗೆ ದುಡ್ಡು ಕಳಿಸುತ್ತೀರಿ ಅನ್ನೋದೂ ಗೊತ್ತಾಗುತ್ತದೆ, ಅಲ್ವಾ?

ಗುರುತಿನ ಚೀಟಿ ಕರಾರಿನ ದಿನ ಕೊಡಿ. ಜೆರಾಕ್ಸ್ ಮೇಲೆ ಅಡ್ಡಕ್ಕೆ 'ಈ ಮನೆ ಬಾಡಿಗೆಗೆ ಮಾತ್ರ' ಅಂತ ಬರೆದು ತಾರೀಖು ಹಾಕಿ. ನಾನೊಮ್ಮೆ ಮನೆ ನೋಡಲು ಹೋದಾಗ, ಹಳೇ ಬಾಡಿಗೆದಾರರೊಬ್ಬರ ಜೆರಾಕ್ಸ್ ಹಿಂಬದಿಯಲ್ಲೇ ಓನರ್ ನೀರಿನ ಬಿಲ್ ಲೆಕ್ಕ ಹಾಕುತ್ತಿದ್ದರು!